ರೈತನ ಹೆಸರು, ಧಣಿಯ ರಿಯಾಯಿತಿ

ಚುನಾವಣೆಗೆ ನಿಲ್ಲುವವರು ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರ ಸಲ್ಲಿಸಬೇಕು. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳನ್ನು ಮತದಾರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಹೇಳಿತು. 2018ರ ಲೋಕ ಪ್ರಹರಿ ತೀರ್ಪಿನ ನಂತರ ಆದಾಯದ ಮೂಲವನ್ನೂ ಬರೆಯಬೇಕಾಯಿತು. ನಮ್ಮ ನಾಯಕರು ತಮ್ಮ ಹಣದ ಬಗ್ಗೆ ಪ್ರಮಾಣ ಮಾಡಿ ಬರೆದು, ನಮ್ಮ ಕೈಗೂ ಸಿಗುವ ಬರಹ ಇದು. ಆದ್ದರಿಂದ ಇದನ್ನು ಎಚ್ಚರದಿಂದ ಓದಿ ಬೆಲೆ ಕಟ್ಟಬೇಕು.

ಹಾಗೆ ಓದಿದರೆ ಮೊದಲು ಕಣ್ಣಿಗೆ ಬೀಳುವುದು ವೃತ್ತಿಯ ಕಾಲಂ. ಕೋಟಿಗಟ್ಟಲೆ ಆಸ್ತಿ ತೋರಿಸಿದವರೂ ಪಕ್ಷಭೇದವಿಲ್ಲದೆ ಅಲ್ಲಿ ‘ಕೃಷಿ’ ಎಂದು ಬರೆಯುತ್ತಾರೆ. ಜಮೀನಿದ್ದವರು ಹಾಗೆ ಬರೆದರೆ ತಪ್ಪಿಲ್ಲ. ಆದರೆ ಆ ಪದಕ್ಕೆ ತೆರಿಗೆ ಲೆಕ್ಕದಲ್ಲಿ ದೊಡ್ಡ ಬೆಲೆ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(1) ಕೃಷಿ ಆದಾಯಕ್ಕೆ ಪೂರ್ತಿ ವಿನಾಯಿತಿ ಕೊಟ್ಟಿತು. 2025ರ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಈ ವಿನಾಯಿತಿಗೆ ಮಿತಿ ಎಂಬುದಿಲ್ಲ. ಎರಡು ಎಕರೆಯವನಿಗೂ ಅದೇ, ಇನ್ನೂರು ಎಕರೆಯವನಿಗೂ ಅದೇ.

ಈ ವಿನಾಯಿತಿ ಯಾರಿಗಾಗಿ ಎಂದು ಕೇಳಿದರೆ ಎಲ್ಲ ಪಕ್ಷಗಳೂ ಕೊಡುವ ಉತ್ತರ ಒಂದೇ: ಬಡ ರೈತನಿಗಾಗಿ. ಈ ಉತ್ತರವನ್ನು ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿಟ್ಟು ನೋಡೋಣ. ಸಕ್ಕರೆ ಕಾರ್ಖಾನೆಯಿರುವ ಊರು, ಸುತ್ತಲೂ ಕಬ್ಬು. ಹಿಡುವಳಿದಾರರಲ್ಲಿ ಒಂದೆರಡು ಎಕರೆಯವರೇ ಹೆಚ್ಚು. ಎಕರೆಗೆ 40 ಟನ್ ಬಂತೆನ್ನಿ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅಷ್ಟೂ ಕೈಗೆ ಬಂದರೂ ಎಕರೆಗೆ 1,42,000. ಕಟಾವು, ಸಾಗಣೆ, ಗೊಬ್ಬರ, ಕೂಲಿ ಎಲ್ಲ ಇದರಲ್ಲೇ ಕಳೆಯಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ಹೇಗೂ ತೆರಿಗೆ ಬೀಳುವುದಿಲ್ಲ. ಒಂದು ಪೈಸೆ ಖರ್ಚು ಕಳೆಯದೆ ಲೆಕ್ಕ ಹಾಕಿದರೂ ಆ ಗೆರೆ ಮುಟ್ಟಲು ಎಂಟು ಎಕರೆಗಿಂತ ಹೆಚ್ಚು ಕಬ್ಬು ಬೇಕು. ಅಂದರೆ ನಾಳೆ ಈ ವಿನಾಯಿತಿ ರದ್ದಾದರೂ ಕೊಪ್ಪದ ಸಣ್ಣ ಹಿಡುವಳಿದಾರ ಆದಾಯ ತೆರಿಗೆ ಕಟ್ಟಬೇಕಾಗಿ ಬರುವುದಿಲ್ಲ. ಅವನ ಹೆಸರಿನಲ್ಲಿ ಉಳಿದಿರುವ ರಿಯಾಯಿತಿಯಿಂದ ಅವನಿಗೆ ದಕ್ಕುತ್ತಿರುವುದು ಏನೂ ಇಲ್ಲ.

ಹಾಗೆಂದು ಅವನು ತೆರಿಗೆ ಕಟ್ಟದವನೂ ಅಲ್ಲ. ಗೊಬ್ಬರಕ್ಕೆ, ಔಷಧಿಗೆ, ಪಂಪ್‌ಸೆಟ್ಟಿಗೆ ಜಿಎಸ್‌ಟಿ ಕಟ್ಟುತ್ತಾನೆ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 18.44ರಿಂದ 21.17ಕ್ಕೆ ಏರಿತು. ಉಳುಮೆಯ ಟ್ರ್ಯಾಕ್ಟರೂ ಕಬ್ಬಿನ ಲಾರಿಯೂ ಅದೇ ಡೀಸೆಲ್ಲಿನಲ್ಲಿ ಓಡುತ್ತವೆ. ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ನಿಯಮ ಜಾರಿಯಾಗಲೆಂದು ಕಬ್ಬು ಬೆಳೆಗಾರರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ರೈತನ ಪರವಾದ ಕಾನೂನಿಗೆ ಹೋರಾಟ ಬೇಕು, ರೈತನ ಹೆಸರಿನ ರಿಯಾಯಿತಿ ಮಾತ್ರ ಧಣಿಗಳಿಗೆ ತಾನಾಗಿ ಸಿಗುತ್ತದೆ.

ಧಣಿಗಳಿಗೆ ತೆರಿಗೆ ಉಳಿಸುವ ಎರಡನೆಯ ದಾರಿ ಕುಟುಂಬದ ಕಂಪನಿ. ದೊಡ್ಡ ಆದಾಯದ ವ್ಯಕ್ತಿಗೆ ಮೇಲಿನ ಹಂತದಲ್ಲಿ ಶೇ 30 ತೆರಿಗೆ, ಅದರ ಮೇಲೆ ಸರ್ಚಾರ್ಜ್ ಮತ್ತು ಸೆಸ್. ಎಲ್ಲ ಸೇರಿ ಹೊಸ ಪದ್ಧತಿಯಲ್ಲಿ ಗರಿಷ್ಠ ಶೇ 39. ಅದೇ ಹಣ ಕಂಪನಿಯ ಲಾಭವಾಗಿ ಬಂದರೆ, 2019ರಲ್ಲಿ ತಂದ ದರದ ಪ್ರಕಾರ ಸುಮಾರು ಶೇ 25.17. ಕಾರು, ಇಂಧನ, ಸಿಬ್ಬಂದಿ, ಕಚೇರಿ ಕಂಪನಿಯ ಖರ್ಚಾಗುತ್ತವೆ. ಲಾಭಾಂಶ ಹಂಚಿದರೆ ಪಡೆದವರು ತೆರಿಗೆ ಕಟ್ಟಬೇಕು. ಹಂಚದೆ ಕಂಪನಿಯಲ್ಲೇ ಬಿಟ್ಟರೆ ಆ ಎರಡನೆಯ ತೆರಿಗೆ ಮುಂದಕ್ಕೆ ಹೋಗುತ್ತದೆ. ಇದೆಲ್ಲ ಕಾನೂನಿನ ಒಳಗೇ ಇದೆ.

ಇಂಥದ್ದರಲ್ಲಿ ಸಿಕ್ಕಿಬಿದ್ದ ಪ್ರಸಿದ್ಧ ಉದಾಹರಣೆ ಲಂಡನ್ನಿನದು. ಮೇಯರ್ ಆಗಿದ್ದ ಕೆನ್ ಲಿವಿಂಗ್‌ಸ್ಟನ್ ತೆರಿಗೆ ತಪ್ಪಿಸುವ ಶ್ರೀಮಂತರನ್ನು ಕಟುವಾಗಿ ಟೀಕಿಸಿದವರು. 2012ರಲ್ಲಿ ಮತ್ತೆ ಮೇಯರ್ ಸ್ಥಾನಕ್ಕೆ ನಿಂತಾಗ, ತಮ್ಮ ಬರಹ ಮತ್ತು ಭಾಷಣದ ಗಳಿಕೆಯನ್ನು ಸಿಲ್ವೆಟಾ ಎಂಬ ಸ್ವಂತ ಕಂಪನಿಯ ಮೂಲಕ ಪಡೆಯುತ್ತಿದ್ದುದು ದೊಡ್ಡ ವಿವಾದವಾಯಿತು. ಅವರು ಕಾನೂನು ಮುರಿದಿರಲಿಲ್ಲ. ಜನ ಕೇಳಿದ್ದು, ಇನ್ನೊಬ್ಬರಿಗೆ ಹೇಳಿದ ನೀತಿ ನಿಮಗೆ ಏಕಿಲ್ಲ ಎಂದು. ಒತ್ತಡಕ್ಕೆ ಮಣಿದು ಪ್ರಮುಖ ಅಭ್ಯರ್ಥಿಗಳೆಲ್ಲ ತೆರಿಗೆ ವಿವರ ಹೊರಗಿಟ್ಟರು. ಆ ವಿವಾದದಿಂದ ಬಂದ ಒಳ್ಳೆಯ ಫಲ ಅದು.

ನಮ್ಮಲ್ಲಿ ಅಂಥ ಒತ್ತಡ ಹುಟ್ಟದಿರಲು ಪ್ರಮಾಣಪತ್ರದ ರಚನೆಯೂ ಒಂದು ಕಾರಣ. ಅದು ಐದು ವರ್ಷದ ರಿಟರ್ನ್‌ನಲ್ಲಿ ತೋರಿಸಿದ ಒಟ್ಟು ಆದಾಯ ಕೇಳುತ್ತದೆ. ವಿನಾಯಿತಿ ಪಡೆದ ಕೃಷಿ ಆದಾಯ ಕಾನೂನಿನ ಪ್ರಕಾರ ಆ ಒಟ್ಟು ಆದಾಯದಲ್ಲಿ ಸೇರುವುದೇ ಇಲ್ಲ. ಕಂಪನಿಯ ಷೇರಿನ ಮೌಲ್ಯ ಕೇಳುತ್ತದೆ, ಆ ಕಂಪನಿ ಕಟ್ಟಿದ ತೆರಿಗೆ ಕೇಳುವುದಿಲ್ಲ. ಮತದಾರನಿಗೆ ಮುಖ್ಯವಾದ ಎರಡು ಸಂಗತಿಗಳೂ ಹೀಗೆ ಹೊರಗುಳಿಯುತ್ತವೆ. ಈ ಕೊರತೆಯೇ ಪ್ರಮಾಣಪತ್ರದ ದೊಡ್ಡ ದೋಷ.

ಕೃಷಿ ವಿನಾಯಿತಿಯ ದುರ್ಬಳಕೆ ದೆಹಲಿಗೆ ಗೊತ್ತಿಲ್ಲದ ವಿಷಯವಲ್ಲ. ದೊಡ್ಡ ಕೃಷಿ ಆದಾಯಕ್ಕೆ ತೆರಿಗೆ ಬೇಕೆಂದು ಕೆ.ಎನ್. ರಾಜ್ ಸಮಿತಿ 1972ರಲ್ಲೇ ಹೇಳಿತ್ತು. ಕೃಷಿಯ ಹೆಸರಿನಲ್ಲಿ ಕಪ್ಪುಹಣ ಬಿಳಿಯಾಗುತ್ತಿದೆ ಎಂಬ ಪ್ರಶ್ನೆ 2016ರ ಮಾರ್ಚ್‌ನಲ್ಲಿ ರಾಜ್ಯಸಭೆಯಲ್ಲಿ ಎದ್ದಾಗ, ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಹಲವು ಪ್ರಮುಖರ ವಿಚಾರಣೆ ನಡೆದಿದೆ ಎಂದರು. ಮರುವರ್ಷ ನೀತಿ ಆಯೋಗದ ಬಿಬೇಕ್ ದೇಬ್ರಾಯ್ ಒಂದು ಮಿತಿಯ ಮೇಲಿನ ಕೃಷಿ ಆದಾಯಕ್ಕೆ ತೆರಿಗೆ ಇರಲಿ ಎಂದಾಗ, ಅದೇ ಜೇಟ್ಲಿ ಅಂಥ ಯೋಚನೆಯಿಲ್ಲ, ಕೇಂದ್ರಕ್ಕೆ ಆ ಅಧಿಕಾರವೂ ಇಲ್ಲ ಎಂದು ಕೈತೊಳೆದುಕೊಂಡರು. 2019ರ ಸಿಎಜಿ ವರದಿ, ಪರಿಶೀಲಿಸಿದ ಪ್ರಕರಣಗಳಲ್ಲಿ ಶೇ 22ಕ್ಕೂ ಹೆಚ್ಚಿನವಕ್ಕೆ ಸರಿಯಾದ ದಾಖಲೆ ನೋಡದೆಯೇ ವಿನಾಯಿತಿ ಕೊಟ್ಟದ್ದನ್ನು ಬಯಲಿಗೆಳೆಯಿತು.

ಕೇಂದ್ರಕ್ಕೆ ಅಧಿಕಾರವಿಲ್ಲ ಎಂಬುದು ನಿಜ. ಆದರೆ ಅಧಿಕಾರ ಸಂವಿಧಾನದ ರಾಜ್ಯಪಟ್ಟಿಯ 46ನೇ ನಮೂದಿನಲ್ಲಿ, ಅಂದರೆ ವಿಧಾನಸೌಧದ ಕೈಯಲ್ಲಿದೆ. ಕರ್ನಾಟಕ 1957ರಲ್ಲೇ ಕೃಷಿ ಆದಾಯ ತೆರಿಗೆ ಕಾಯ್ದೆ ಮಾಡಿತ್ತು, ಕಾಫಿ ತೋಟದ ಮಾಲೀಕರು ಅದರಡಿ ತೆರಿಗೆ ಕಟ್ಟಿದ್ದೂ ಉಂಟು. ಈಗ ನಡೆಯುತ್ತಿರುವುದು ಬೇರೆ. ದೊಡ್ಡ ಕೃಷಿಯೇತರ ಆದಾಯದವರು ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು 2020ರಲ್ಲಿ ಹೋದವು. ಹಣವಿದ್ದವನಿಗೆ ಪಹಣಿ ಸುಲಭವಾಯಿತು, ಪಹಣಿಯ ಜೊತೆಗೆ ವಿನಾಯಿತಿಯ ಬಾಗಿಲೂ ತೆರೆಯಿತು. 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳ ತಿಂಗಳಿಗೆ 40,000ದಿಂದ 80,000ಕ್ಕೆ ಏರಿದ್ದು ಗದ್ದಲದ ನಡುವೆ, ಚರ್ಚೆಯಿಲ್ಲದೆ. ತಮಗೆ ಬೇಕಾದದ್ದಕ್ಕೆ ಸದನಕ್ಕೆ ಸಮಯ ಸಿಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾನೂನು ಕೊಟ್ಟ ಅವಕಾಶವನ್ನು ಬಳಸಿದ ವ್ಯಾಪಾರಿಯನ್ನು ನಾನು ದೂರುವುದಿಲ್ಲ. ಕಾನೂನು ಮಾಡುವವನ ಸ್ಥಿತಿ ಬೇರೆ. ಬಾಗಿಲನ್ನು ಇಟ್ಟವನೂ ಮುಚ್ಚಬಲ್ಲವನೂ ಅವನೇ. ಅದನ್ನು ತೆರೆದಿಟ್ಟು, ಅದರೊಳಗೆ ತಾನೇ ಹೋಗಿ, ಹೊರಗೆ ನಿಂತ ರೈತನ ಹೆಸರು ಹೇಳಿದರೆ ಅದು ಆಷಾಢಭೂತಿತನ.

ಪ್ರಮಾಣಪತ್ರದಲ್ಲಿ ಕೃಷಿ ಆದಾಯಕ್ಕೆ ಸರ್ವೆ ನಂಬರ್ ಮತ್ತು ಬೆಳೆ ಸಹಿತ ಪ್ರತ್ಯೇಕ ಕಾಲಂ ಬರಲಿ. ಕುಟುಂಬದ ಕಂಪನಿಗಳು ಕಟ್ಟಿದ ತೆರಿಗೆ ಅಲ್ಲೇ ಕಾಣಲಿ. ಹತ್ತಿಪ್ಪತ್ತು ಎಕರೆಯವರನ್ನೂ ಮುಟ್ಟದಷ್ಟು ಎತ್ತರದ ಮಿತಿ ಇಟ್ಟು, ಅದರ ಮೇಲಿನ ಕೃಷಿ ಆದಾಯಕ್ಕೆ ರಾಜ್ಯ ತೆರಿಗೆ ಹಾಕಲಿ. ಕಾಯ್ದೆ ಬರುವ ತನಕ ಕಾಯಬೇಕಿಲ್ಲ. ಮತ ಕೇಳಲು ಬಂದವರನ್ನು ಕೊಪ್ಪದ ಕಬ್ಬು ಬೆಳೆಗಾರರು ಇಷ್ಟು ಕೇಳಬಹುದು: ನಿಮ್ಮ ಜಮೀನಿನ ಬೆಳೆ ಯಾವುದು, ಎಕರೆಗೆ ಎಷ್ಟು ಬಂತು, ನೀವೂ ನಿಮ್ಮ ಕಂಪನಿಯೂ ಎಷ್ಟು ತೆರಿಗೆ ಕಟ್ಟಿದಿರಿ? ನಿಜವಾಗಿ ಬೇಸಾಯ ಮಾಡುವವರಿಗೆ ಮೊದಲೆರಡಕ್ಕೆ ಉತ್ತರ ಬಾಯಲ್ಲೇ ಇರುತ್ತದೆ. ಮೂರನೆಯದಕ್ಕೆ ಉತ್ತರ ಕೊಡದವರು ರೈತನ ಹೆಸರಿನಲ್ಲಿ ಮತ ಕೇಳಬಾರದು.