ಬಾಗದ ಮೂವರು

ಸ್ಪೇನ್ ದೇಶದ ಲೇಖಕ ಹಾವಿಯೆರ್ ಸೆರ್ಕಾಸನು 2009ರಲ್ಲಿ ಪ್ರಕಟಿಸಿದ, ‘ಒಂದು ಕ್ಷಣದ ಅಂಗರಚನೆ’ ಎಂಬ ಅರ್ಥದ ಹೆಸರುಳ್ಳ ಗ್ರಂಥವು ಮೊದಲು ಕಾದಂಬರಿಯಾಗಿ ಹುಟ್ಟಿತು. ಕರಡು ರುಚಿಸದೆ ಕರ್ತೃವು ಕಲ್ಪನೆಯನ್ನು ತೊರೆದು, ನಡೆದ ಸಂಗತಿಯನ್ನೇ ಹಿಡಿದನು. ಆ ಸಂಗತಿಯಾದರೋ ಕಾದಂಬರಿಯನ್ನು ನಾಚಿಸುವಂಥದು.

1981ನೆಯ ಫೆಬ್ರವರಿ 23ರ ಸಂಜೆ ಮ್ಯಾಡ್ರಿಡ್ ನಗರದ ಶಾಸನಸಭೆಯಲ್ಲಿ ನೂತನ ಪ್ರಧಾನಿಯ ಬಗೆಗೆ ಮತದಾನ ನಡೆಯುತ್ತಿದ್ದಾಗ, ತೆಹೇರೊ ಎಂಬ ದಂಡಾಧಿಕಾರಿಯು ಸಶಸ್ತ್ರ ಭಟರೊಡನೆ ಒಳನುಗ್ಗಿದನು. ಗುಂಡುಗಳು ಹಾರಿದೊಡನೆಯೆ ಬಹುಮಟ್ಟಿಗೆ ಸಭಾಸದರೆಲ್ಲರೂ ಪೀಠಗಳ ಕೆಳಗೆ ಅಡಗಿದರು. ರಾಜೀನಾಮೆಯಿತ್ತಿದ್ದ ಪ್ರಧಾನಿ ಸುವಾರೆಸನೂ ಕಮ್ಯೂನಿಸ್ಟ್ ಮುಖಂಡ ಕರಿಯ್ಯೊನೂ ಕುಳಿತಲ್ಲಿಂದ ಕದಲಲಿಲ್ಲ. ವೃದ್ಧ ಸೇನಾನಿ ಗುತಿಯೆರೆಸ್ ಮೆಯ್ಯಾದೊ ಎದ್ದು ಬಂದೂಕುಗಳ ಎದುರಿಗೇ ನಡೆದನು. ಯಂತ್ರವು ಸೆರೆಹಿಡಿದ ಈ ದೃಶ್ಯವನ್ನು ಸೆರ್ಕಾಸನು, ವ್ಯಾಖ್ಯಾನಕಾರನು ಒಂದೇ ಪದ್ಯಕ್ಕೆ ಮರಳಿ ಮರಳಿ ಅನ್ವಯ ಹೇಳುವಂತೆ, ಬಿಡಿಸಿ ನೋಡುತ್ತಾನೆ.

ಸುವಾರೆಸನು ಫ್ರಾಂಕೋವಿನ ಏಕಪಕ್ಷದಲ್ಲಿಯೇ ಬೆಳೆದು ಅದರ ಕಾರ್ಯದರ್ಶಿಯಾಗಿದ್ದವನು. 1975ರಲ್ಲಿ ಸರ್ವಾಧಿಕಾರಿಯು ಸತ್ತನು. ಮರುವರ್ಷ ಇವನನ್ನು ಅರಸನು ಪ್ರಧಾನಿಯಾಗಿ ಆರಿಸಿದನು. 1977ರ ಏಪ್ರಿಲಿನಲ್ಲಿ ಕಮ್ಯೂನಿಸ್ಟ್ ಪಕ್ಷಕ್ಕೆ ಮಾನ್ಯತೆ, ಜೂನಿನಲ್ಲಿ ಚುನಾವಣೆ. ಅಂತರ್ಯುದ್ಧದಲ್ಲಿ ಸೇನಾನಿಯು ಫ್ರಾಂಕೋವಿನ ಪಕ್ಷ, ಕರಿಯ್ಯೊ ಎದುರುಪಕ್ಷ. ಆ ಕಾಲದ ಬಂದಿಗಳ ಹತ್ಯೆಯ ಕಳಂಕ ಕರಿಯ್ಯೊನ ಮೇಲಿರುವುದನ್ನೂ ಕರ್ತೃವು ಮುಚ್ಚಿಡುವುದಿಲ್ಲ. ಮೂವರೂ ತಮ್ಮ ತಮ್ಮವರ ಕಣ್ಣಿನಲ್ಲಿ ದ್ರೋಹಿಗಳಾದರು. ವಿಭೀಷಣನನ್ನು ಕುರಿತು ವಾದಿಸಿ ಬಲ್ಲ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ವಿಭೀಷಣನು ಮನೆಯನ್ನು ಬಿಟ್ಟು ಹೋದನು. ಸುವಾರೆಸನು ಒಳಗೇ ನಿಂತು ತೊಲೆಗಳನ್ನು ಒಂದೊಂದಾಗಿ ಇಳಿಸಿದನು. ಹಿಂದೆಗೆಯುವುದರಲ್ಲಿಯೂ ವೀರತ್ವವುಂಟೆಂಬ ವಿಚಾರವನ್ನು ಸೆರ್ಕಾಸನು ಜರ್ಮನ್ ಕವಿ ಎಂಟ್ಸೆನ್ಸ್‌ಬರ್ಗರನಿಂದ ಪಡೆದನಾದರೂ, ಅದಕ್ಕೆ ರಕ್ತಮಾಂಸಗಳನ್ನು ತುಂಬಿದವನು ಇವನೇ.

ಇಷ್ಟಾದರೂ ಆ ಒಂದು ಭಂಗಿಯ ಮೋಹ ಇವನಿಗೆ ಅತಿಯಾಯಿತು. 1977ರ ಜನವರಿಯಲ್ಲಿ ಅತೋಚಾ ಬೀದಿಯಲ್ಲಿ ಕಾರ್ಮಿಕರ ವಕೀಲರು ಕೊಲೆಯಾದಾಗ, ಸೇಡಿನ ಮಾತೆತ್ತದೆ ಶವಯಾತ್ರೆಯಲ್ಲಿ ಮೌನವಾಗಿ ನಡೆದ ಸಾವಿರಾರು ಮಂದಿಯೂ ಬಾಗದವರೇ. ಅವರು ಇಲ್ಲಿ ನೆರಳಿನಲ್ಲಿಯೇ ಉಳಿದರು. ಅದೇ ವರ್ಷದ ಕ್ಷಮಾದಾನದ ಕಾನೂನು ಸೆರೆಯಾಳುಗಳನ್ನು ಬಿಡಿಸಿತು, ಜೊತೆಗೆ ಹಿಂಸಿಸಿದವರನ್ನೂ ಕಾಪಾಡಿತು. ಗುರುತಿಲ್ಲದ ಗುಂಡಿಗಳಲ್ಲಿ ತಮ್ಮವರನ್ನು ಕಳೆದುಕೊಂಡವರು ತೆತ್ತ ಈ ಬೆಲೆ ಗ್ರಂಥದ ತಕ್ಕಡಿಯಲ್ಲಿ ಹಗುರವಾಗಿಯೇ ತೂಗಿದೆ.

ಕಡೆಯ ಪುಟಗಳು ಮಾತ್ರ ಬಹಳ ಸೊಗಸು. ಸುವಾರೆಸನನ್ನು ನಂಬಿದ್ದ ತಂದೆಯನ್ನೂ, ಅದಕ್ಕಾಗಿ ತಂದೆಯೊಡನೆ ಹೂಡಿದ ಜಗಳವನ್ನೂ ಕರ್ತೃವು ಅಲ್ಲಿ ನೆನೆಯುತ್ತಾನೆ. ಗ್ರಂಥವು ಹೊರಬಂದಾಗ ಸುವಾರೆಸನು ಬದುಕಿಯೇ ಇದ್ದನು. ಸ್ಮೃತಿಭ್ರಂಶದಿಂದ ಅದನ್ನು ಓದುವ ಸ್ಥಿತಿಯಲ್ಲಿರಲಿಲ್ಲ.