ಊರುಗೋಲು ಮುರಿಯುವ ಗಳಿಗೆ

ಕಥೆ ಕಾದಂಬರಿಗಳಲ್ಲಿ ಪಾತ್ರಕ್ಕೆ ಒದಗುವ ದುಃಖ ಬೇರೆ, ಪಾತ್ರವು ತನ್ನೊಳಗೆ ತಾನೇ ಕುಸಿಯುವುದು ಬೇರೆ. ದುಃಖವು ಹೊರಗಿನಿಂದ ಬರುತ್ತದೆ. ಮರಣ, ಸಾಲ, ಅಪಮಾನ ಇವು ಯಾರಿಗೂ ಬರಬಹುದು. ಆದರೆ ಕುಸಿತವೆಂಬುದು ಆ ಒಬ್ಬನಿಗೇ ಮೀಸಲಾದುದು. ಅವನು ಯಾವ ಊರುಗೋಲನ್ನು ನೆಚ್ಚಿ ಬಾಳಿನುದ್ದಕ್ಕೂ ನಡೆದುಬಂದನೋ ಅದೇ ಕೈಯಲ್ಲಿ ಮುರಿದಾಗ ಅವನ ಅಂತರಂಗದ ಯಾತ್ರೆ ತನ್ನ ತಳವನ್ನು ಮುಟ್ಟುತ್ತದೆ. ಈ ಭೇದವನ್ನು ಅರಿಯದ ಲೇಖಕರು ಪಾತ್ರದ ತಲೆಯ ಮೇಲೆ ಕಷ್ಟಗಳ ಹೊರೆಯನ್ನು ಹೇರುತ್ತ ಹೋಗುತ್ತಾರೆ. ಓದುಗನು ಮರುಗುತ್ತಾನೆ, ಬದಲಾಗುವುದಿಲ್ಲ.

ಈ ಮಾತಿಗೆ ನಮ್ಮಲ್ಲಿ ಹದಿಮೂರನೆಯ ಶತಮಾನದಷ್ಟು ಹಿಂದೆಯೇ ಒಂದು ನಿದರ್ಶನವುಂಟು. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ವನ್ನು ಕಷ್ಟಪರಂಪರೆಯ ಕಥೆಯೆಂದು ಓದುವುದು ವಾಡಿಕೆ. ಆದರೆ ಆ ಕಷ್ಟಗಳ ಬೀಜ ಎಲ್ಲಿದೆಯೆಂಬುದನ್ನು ಗಮನಿಸಬೇಕು. ವಿಶ್ವಾಮಿತ್ರನು ಕಳುಹಿದ ಇಬ್ಬರು ಅನಾಮಿಕ ಕನ್ಯೆಯರು ತಮ್ಮ ಗಾನದಿಂದ ಅರಸನನ್ನು ಮೆಚ್ಚಿಸಿ, ಮೊದಲು ಮುತ್ತಿನ ಸತ್ತಿಗೆಯನ್ನೂ ಬಳಿಕ ಅವನನ್ನೇ ಪತಿಯಾಗಿಯೂ ಬೇಡುತ್ತಾರೆ. ಅವನು ಕುಲದ ಮಾತೆತ್ತಿ ನಿರಾಕರಿಸುತ್ತಾನೆ, ಹೊಡೆದಟ್ಟುತ್ತಾನೆ. ಇವರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ಕೊಟ್ಟೇನೆಂಬ ಅವನ ಮಾತನ್ನು ಹಿಡಿದೇ ಮುನಿಯು ರಾಜ್ಯವನ್ನು ಕಸಿಯುತ್ತಾನೆ. ಹೀಗೆ ಯಾರ ಸೋಂಕನ್ನು ಒಲ್ಲೆನೆಂದನೋ ಅಂಥವರ ಕುಲದ ವೀರಬಾಹುಕನಿಗೇ ಅವನು ಕಾಶಿಯಲ್ಲಿ ಆಳಾಗಬೇಕಾಗುತ್ತದೆ. ಕವಿಯು ಯಾವುದೋ ಒಂದು ಶಿಕ್ಷೆಯನ್ನು ತಂದು ಹೇರಲಿಲ್ಲ. ಪಾತ್ರದ ಹಮ್ಮಿನಿಂದಲೇ ಅದರ ಇಳಿಜಾರನ್ನು ಕಡೆದಿದ್ದಾನೆ. ಆ ಕುಲದ ಹಮ್ಮು ಪೂರ್ಣವಾಗಿ ಕರಗಿತೆಂದು ಅವನು ಹೇಳುವುದೂ ಇಲ್ಲ. ಆ ವಿಚಾರಣೆ ಇಂದಿನ ಓದುಗನ ಪಾಲಿಗೆ ಉಳಿದಿದೆ.

ಆದರೆ ಹರಿಶ್ಚಂದ್ರನ ದೊಡ್ಡ ಊರುಗೋಲು ಸತ್ಯ. ದೇವೇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ವಾದಕ್ಕೆ ವಿಷಯವಾದ ಆ ಸತ್ಯಕ್ಕೆ ಕೀರ್ತಿಯ ಪ್ರಭೆಯಿತ್ತು, ನೋಡುವ ಕಣ್ಣುಗಳಿದ್ದವು. ರುದ್ರಭೂಮಿಯ ಇರುಳಿನಲ್ಲಿ ಯಾವ ಸಭೆಯಿದೆ? ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಚಂದ್ರಮತಿ ಬಂದಿದ್ದಾಳೆ. ಒಡೆಯನಿಗೆ ಸಲ್ಲಬೇಕಾದ ಹಣವನ್ನು ಬಿಟ್ಟುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಬಿಡದೆ ನಿಂತ ಆ ಗಳಿಗೆಯೇ, ನನ್ನ ದೃಷ್ಟಿಯಲ್ಲಿ, ಕಾವ್ಯದ ಕಡುಗತ್ತಲೆ. ಸಾಕ್ಷಿಯೂ ಇಲ್ಲದ, ಫಲವೂ ಇಲ್ಲದ ಸತ್ಯವನ್ನು ಅವನು ಹಿಡಿಯಬಲ್ಲನೇ ಎಂಬುದೇ ಅಲ್ಲಿಯ ಪ್ರಶ್ನೆ. ಕೊಲೆಯ ಆರೋಪ ಹೊತ್ತ ಮಡದಿಯ ಮೇಲೆ ಕತ್ತಿ ಎತ್ತಿದಾಗ ವಿಶ್ವನಾಥನು ಪ್ರತ್ಯಕ್ಷನಾಗುವುದು ಕೃತಕವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಒಳಗಿನ ನಿರ್ಣಯ ಅದಕ್ಕೆ ಮೊದಲೇ ಮುಗಿದಿದೆ. ದೈವವು ಪಾತ್ರದ ಕೆಲಸವನ್ನು ತಾನು ಮಾಡಿಕೊಡಲಿಲ್ಲ. ಪಾತ್ರವು ಮಾಡಿ ಮುಗಿಸಿದ ಮೇಲೆ ಬಂದಿತು.

ಇದಕ್ಕೆ ಎದುರಾಗಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು (1965) ಇಟ್ಟು ನೋಡಬಹುದು. ಪ್ರಾಣೇಶಾಚಾರ್ಯರ ಕುಸಿತ ಚಂದ್ರಿಯ ಸಂಗದಲ್ಲಿದೆಯೆಂದು ವಿದ್ಯಾರ್ಥಿಗಳು ಬರೆಯುವುದುಂಟು. ಅದು ಘಟನೆ ಮಾತ್ರ. ನಾರಣಪ್ಪನ ಶವಸಂಸ್ಕಾರಕ್ಕೆ ಧರ್ಮಶಾಸ್ತ್ರಗಳಲ್ಲಿ ಉತ್ತರ ದೊರೆಯದೆ, ಮಾರುತಿಯೂ ಪ್ರಸಾದ ಕೊಡದೆ ಹೋದಾಗಲೇ ಊರುಗೋಲು ಬಿರುಕುಬಿಟ್ಟಿತ್ತು. ಅದು ಮುರಿಯುವುದು ಮೇಳಿಗೆಯ ಜಾತ್ರೆಯಲ್ಲಿ. ಮಡದಿ ಸತ್ತ ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತು, ಯಾರು ಗುರುತಿಸುವರೋ ಎಂದು ಅಂಜುವಲ್ಲಿ. ಹರಿಶ್ಚಂದ್ರನಿಗೆ ನೋಡುವವರಿಲ್ಲದ್ದು ಪರೀಕ್ಷೆ. ಆಚಾರ್ಯರಿಗೆ ಸುತ್ತಲೂ ಕಣ್ಣುಗಳಿರುವುದೇ ಪರೀಕ್ಷೆ. ಒಬ್ಬರ ಶೀಲ ಇರುಳಿನಲ್ಲಿ ಉಳಿಯಿತು. ಇನ್ನೊಬ್ಬರ ಶೀಲ ಪರರ ನೋಟವನ್ನು ಎಷ್ಟು ಆಶ್ರಯಿಸಿತ್ತೆಂಬುದು ಹಗಲಿನಲ್ಲಿ ಬಯಲಾಯಿತು.

ಶರಣರ ಷಟ್‌ಸ್ಥಲ ಮಾರ್ಗವನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಭಕ್ತನಿಂದ ಐಕ್ಯದವರೆಗಿನ ಆರು ನೆಲೆಗಳಲ್ಲಿ ಸಾಧಕನು ಗಳಿಸುತ್ತಲೇ ಹೋಗುವನೆಂದು ತಿಳಿದರೆ ತಪ್ಪಾದೀತು. ಪ್ರತಿಯೊಂದು ನೆಲೆಯಲ್ಲೂ ಅವನು ಏನನ್ನೋ ಕಳಚಬೇಕು. ನಾನು ಭಕ್ತನೆಂಬ ಭಾವವೂ ಕೊನೆಗೆ ಭಾರವೇ. ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು ಅಷ್ಟೊಂದು ವಚನಗಳಲ್ಲಿ ಬಿಚ್ಚಿಟ್ಟುದು ಬರಿಯ ವಿನಯವಲ್ಲ. ಕೆಳಗಿಳಿಯದೆ ಮೇಲೇರಲಾಗದೆಂಬ ಅರಿವು. ವಚನಗಳು ಕಥೆಗಳಲ್ಲ, ನಿಜ. ಆದರೂ ಒಳಯಾತ್ರೆಯ ನಕ್ಷೆಯನ್ನು ಕಥೆಗಾರನು ಅಲ್ಲಿಂದ ಪಡೆಯಬಹುದು.

ಇದು ರಾಜರಿಗೂ ಆಚಾರ್ಯರಿಗೂ ಮಾತ್ರ ಸಲ್ಲುವ ಮಾತಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸ ಕಳೆದುಕೊಂಡ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಮನೆಯವರಿಗೆ ಹೇಳದೆ ದಿನವೂ ಬುತ್ತಿ ಹಿಡಿದು ಹೊರಟು, ಕೆಂಗೇರಿಯ ರೈಲು ನಿಲ್ದಾಣದಲ್ಲಿ ಸಂಜೆಯವರೆಗೆ ಕುಳಿತು ಬರುತ್ತಾನೆ. ಕೆಲಸ ಹೋದ ದಿನವನ್ನೇ ಕಥೆಯ ತಳವೆಂದು ಬರೆದರೆ ಅದು ವರದಿಯಾದೀತು. ಮನೆಗೆ ತಾನೇ ಆಸರೆಯೆಂಬುದು ಅವನ ಊರುಗೋಲು. ತಿಂಗಳಿನಿಂದ ಎಲ್ಲವನ್ನೂ ಬಲ್ಲ ಮಡದಿಯು ಮಾತಾಡದೆ ದಿನವೂ ಆ ಬುತ್ತಿಯನ್ನು ಕಟ್ಟುತ್ತಿದ್ದಳೆಂದು ಅವನಿಗೆ ತಿಳಿಯುವ ಗಳಿಗೆಯೇ ನಿಜವಾದ ತಳ. ಅಲ್ಲಿ ಅವನ ಹಮ್ಮು ಒಡೆಯುತ್ತದೆ. ಅಲ್ಲಿಂದಲೇ ಏಳುವುದಕ್ಕೂ ದಾರಿಯಿದೆ.

ಆದುದರಿಂದ ಬರೆಯಹೊರಟ ತರುಣರು ಮೊದಲು ಕೇಳಿಕೊಳ್ಳಬೇಕಾದುದು ಇವನಿಗೆ ಯಾವ ಕಷ್ಟ ಕೊಡಲಿ ಎಂದಲ್ಲ. ಇವನು ಯಾವುದನ್ನು ನೆಚ್ಚಿದ್ದಾನೆ ಎಂದು. ಅದು ತಿಳಿದರೆ ಒಂದು ಪೆಟ್ಟು ಸಾಕು. ಅದು ತಿಳಿಯದಿದ್ದರೆ ನೂರು ಪೆಟ್ಟುಗಳೂ ವ್ಯರ್ಥ.