ಜೋಡಿ ಯಾರು?

2025ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ನಿಶಾಂತ್ ದೇವ್ ತಮ್ಮ ಮೊಟ್ಟಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಮುಗಿಸಿದರು. ಎದುರಾಳಿ ಆಲ್ಟನ್ ವಿಗಿನ್ಸ್. ನಿಶಾಂತ್ ಹುಟ್ಟಿದ್ದು ಹರಿಯಾಣದ ಕರ್ನಾಲ್‌ನಲ್ಲಿ. ಆದರೆ ಪಳಗಿದ್ದು ದಾವಣಗೆರೆಯ ನಮಗೆ ಹತ್ತಿರದ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2021ರಲ್ಲಿ ಅಲ್ಲೇ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ಪರ ಆಡಿ ಚಿನ್ನ ಗೆದ್ದರು. ಹಾಗಾಗಿ ಈ ಭಾಗದವರು ಅವರನ್ನು ನಮ್ಮ ಹುಡುಗ ಎಂದರೆ ತಪ್ಪೇನಿಲ್ಲ. ಆದರೆ ಹೆಮ್ಮೆಪಡುವುದು ಬೇರೆ, ಬೆಲೆ ಕಟ್ಟುವುದು ಬೇರೆ. ಒಂದು ಸುತ್ತಿನ ಆ ಗೆಲುವಿನ ಬೆಲೆ ಎಷ್ಟು?

ಇದಕ್ಕೆ ಉತ್ತರ ಬೇಕಾದರೆ ಅದಕ್ಕೂ ಹಿಂದಿನ ಒಂದು ಸೋಲನ್ನು ನೋಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 71 ಕೆ.ಜಿ. ಕ್ವಾರ್ಟರ್ ಫೈನಲ್‌ನಲ್ಲಿ ಎದುರಿಗಿದ್ದವರು ಮೆಕ್ಸಿಕೊದ ಮಾರ್ಕೊ ವರ್ದೆ. ಗೆದ್ದಿದ್ದರೆ ಪದಕ ಖಚಿತ. ಎಡಗೈ ಹಿಂದಿಟ್ಟುಕೊಂಡು ಆಡುವ ಸೌತ್‌ಪಾ ನಿಶಾಂತ್ ಮೊದಲ ಸುತ್ತಿನಲ್ಲಿ ಅಂತರ ಕಾಯ್ದುಕೊಂಡು, ಎಡಗೈ ಹೊಡೆತವನ್ನು ನೇರವಾಗಿ ಇಳಿಸಿದರು. ಸುತ್ತು ಅವರದೇ ಆಯಿತು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಉಸಿರು ಸೋತಿತ್ತು. ಕಾಲು ನಿಧಾನವಾಗಿ, ಕೈ ಕೆಳಗೆ ಇಳಿಯತೊಡಗಿತು. ವರ್ದೆ ನುಗ್ಗುತ್ತಲೇ ಇದ್ದರು. ಐವರು ತೀರ್ಪುಗಾರರಲ್ಲಿ ನಾಲ್ವರು ವರ್ದೆ ಕಡೆ ಕೈ ಎತ್ತಿದರು. ತೀರ್ಪು ಅನ್ಯಾಯ ಎಂಬ ಕೂಗು ಎದ್ದಿತು, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ತೀರ್ಪುಗಾರರನ್ನು ಬಯ್ಯುವ ಭರದಲ್ಲಿ ದಣಿವಿನ ಮಾತು ಮರೆತೇಹೋಯಿತು. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಇರುವುದೇ ಮೂರು ನಿಮಿಷದ ಮೂರು ಸುತ್ತು. ಅಷ್ಟರಲ್ಲೇ ದಣಿದವರು ಈಗ ಹೊರಟಿರುವುದು, ವಿಶ್ವ ಪ್ರಶಸ್ತಿಗೆ ಹನ್ನೆರಡು ಸುತ್ತು ಸೆಣಸಬೇಕಾದ ಕಡೆಗೆ. ಅಲ್ಲಿನ ವೇಗದ ಲೆಕ್ಕ ಬೇರೆ, ಕಸುವನ್ನು ಹಂಚಿಕೊಂಡು ಆಡುವುದನ್ನು ಕಲಿಯಬಹುದು ಎಂಬುದು ನಿಜ. ಕಲಿತಿದ್ದಾರೆಯೇ ಎಂಬುದನ್ನು ಮಾತ್ರ ಒಂದೇ ಸುತ್ತಿನಲ್ಲಿ ಮುಗಿದ ಪಂದ್ಯ ಹೇಳಲಾರದು.

ವೃತ್ತಿಪರ ಬಾಕ್ಸಿಂಗ್‌ನ ಗುಟ್ಟು ಇರುವುದು ಎದುರಾಳಿಯ ಆಯ್ಕೆಯಲ್ಲಿ. ಒಲಿಂಪಿಕ್ಸ್‌ನಲ್ಲಿ ಚೀಟಿ ಎತ್ತಿದಾಗ ಯಾರು ಬಂದರೋ ಅವರೊಡನೆ ಆಡಲೇಬೇಕು. ಇಲ್ಲಿ ಹಾಗಲ್ಲ, ಪ್ರವರ್ತಕ ಕಂಪನಿ ಎದುರಾಳಿಯನ್ನು ಆರಿಸಿ ತರುತ್ತದೆ. ಹೊಸಬನಿಗೆ ಮೊದಮೊದಲು ಸುಲಭದವರನ್ನೇ ಕೊಡುವುದು ವಾಡಿಕೆ. ಸೋಲಿಲ್ಲದ ದಾಖಲೆ ಉದ್ದವಾದಷ್ಟೂ ಟಿಕೆಟ್ ಬೆಲೆ ಏರುತ್ತದೆ. ವಿಜೇಂದರ್ ಸಿಂಗ್ ಅವರ ಕತೆಯನ್ನೇ ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು 2015ರಲ್ಲಿ ವೃತ್ತಿಪರರಾದರು, ಮರುವರ್ಷ ದೆಹಲಿಯಲ್ಲಿ ಕೆರಿ ಹೋಪ್ ಅವರನ್ನು ಸೋಲಿಸಿ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪಟ್ಟವನ್ನೂ ಪಡೆದರು. ಆಡಿದ ಹನ್ನೆರಡು ಪಂದ್ಯಗಳಲ್ಲೂ ಗೆಲುವು. 2021ರಲ್ಲಿ ಗೋವಾದಲ್ಲಿ ರಷ್ಯಾದ ಆರ್ತಿಶ್ ಲೊಪ್ಸಾನ್ ಎದುರು ಹದಿಮೂರನೆಯದು ಸೋಲಾಯಿತು. ವಿಶ್ವ ಪಟ್ಟದ ಪಂದ್ಯ ಅವರಿಗೆ ಸಿಗಲೇ ಇಲ್ಲ. ಹನ್ನೆರಡಕ್ಕೆ ಹನ್ನೆರಡು ಎಂದು ಕುಣಿದಾಡಿದ ನಾವು ಆ ಹನ್ನೆರಡು ಮಂದಿ ಯಾರು ಎಂದು ವಿಚಾರಿಸಿದವರೇ ಅಲ್ಲ.

ಆಶ್ಚರ್ಯವೆಂದರೆ, ಈ ವಿಚಾರಣೆ ನಮ್ಮೂರಿನವರಿಗೆ ಹೊಸದಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಬೀರಲಿಂಗೇಶ್ವರ ದೇವಸ್ಥಾನದ ಬಯಲಲ್ಲಿ ಕುಸ್ತಿ ಏರ್ಪಡುತ್ತದೆ. ಆನೆಕೊಂಡದಿಂದ, ಹರಿಹರದಿಂದ, ಸುತ್ತಿನ ಹಳ್ಳಿಗಳಿಂದ ಬಂದ ಜನ ಪೈಲ್ವಾನನ ಹೆಸರು ಕೇಳಿದೊಡನೆ ಎತ್ತುವ ಪ್ರಶ್ನೆ ಒಂದೇ: ಜೋಡಿ ಯಾರು? ದಪ್ಪ ಆಳಿಗೆ ಸಣಕಲನನ್ನು ಕಟ್ಟಿದರೆ ಗಲಾಟೆಯೇ ಆಗುತ್ತದೆ. ಜಾತ್ರೆಯ ಕುಸ್ತಿಯೂ ಒಂದರ್ಥದಲ್ಲಿ ವೃತ್ತಿಪರವೇ. ನಗದು ಬಹುಮಾನ ಉಂಟು, ದೊಡ್ಡ ಜೋಡಿಗೆ ಬೆಳ್ಳಿ ಗದೆ ಉಂಟು. ಆದರೆ ಜೋಡಿ ಕಟ್ಟುವ ಕೆಲಸ ಸಾವಿರಾರು ಕಣ್ಣುಗಳ ಮುಂದೆ ನಡೆಯುತ್ತದೆ. ಪೈಲ್ವಾನನ ಹೆಸರು ದೊಡ್ಡದೆಂದು ಯಾರೂ ಸುಮ್ಮನಿರುವುದಿಲ್ಲ. ಟಿ.ವಿ. ಮುಂದೆ ಕೂತ ಕೂಡಲೇ ಅದೇ ಜನಕ್ಕೆ ಈ ಬುದ್ಧಿ ಎಲ್ಲಿ ಹೋಗುತ್ತದೋ!

ಜಾತ್ರೆಯ ಕುಸ್ತಿಯೇ ಶ್ರೇಷ್ಠ ಎಂದು ಇದರರ್ಥವಲ್ಲ. ದಾವಣಗೆರೆಯ ಕ್ರೀಡಾ ಹಾಸ್ಟೆಲ್‌ನಲ್ಲಿ ಪಳಗಿದ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ ರೋಮನ್ 55 ಕೆ.ಜಿ.ಯಲ್ಲಿ ಕಂಚು ಗೆದ್ದರು. ಅದರ ಸೆಮಿಫೈನಲ್ ಕಂಚಿಗಿಂತ ಹೆಚ್ಚು ಹೇಳುತ್ತದೆ. ಇರಾನಿನ ಪೂಯಾ ನಾಸೆರ್‌ಪೂರ್ ಎದುರು ಅವರು 7–1ರಿಂದ ಮುಂದಿದ್ದರು. ಗ್ರೀಕೊ ರೋಮನ್‌ನಲ್ಲಿ ಎಂಟು ಅಂಕಗಳ ಅಂತರ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಎರಡಂಕದ ಪಟ್ಟು ಸಾಕಿತ್ತು. ಅದು ಬರಲಿಲ್ಲ, 8–7ರಿಂದ ಸೋತರು. ಮಣ್ಣಿನ ಅಖಾಡದಲ್ಲಿ ಚಿತ್ ಮಾಡುವುದೊಂದೇ ಲೆಕ್ಕ. ಮುನ್ನಡೆಯನ್ನು ಕಾಪಾಡುವ ವಿದ್ಯೆ ಮ್ಯಾಟ್‌ನದು. ಮುಂದಿದ್ದೂ ಸೋಲುವ ಈ ಸಂಕಟ ಅರ್ಜುನ, ನಿಶಾಂತ್ ಇಬ್ಬರದೂ ಹೌದು. ಆದರೆ ಆಮೇಲಿನ ದಾರಿ ಇಬ್ಬರಿಗೂ ಒಂದೇ ಅಲ್ಲ. 55 ಕೆ.ಜಿ. ವಿಭಾಗ ಒಲಿಂಪಿಕ್ಸ್‌ನಲ್ಲೇ ಇಲ್ಲ. 2015ರಲ್ಲಿ ಶುರುವಾದ ಪ್ರೊ ರೆಸ್ಲಿಂಗ್ ಲೀಗ್ ಫ್ರೀಸ್ಟೈಲ್‌ನವರಿಗೆ ಮಾತ್ರ. ಬಾಕ್ಸರ್‌ಗೆ ಒಲಿಂಪಿಕ್ಸ್ ಕೈಕೊಟ್ಟರೂ ಲಾಸ್ ವೇಗಾಸ್ ಇತ್ತು. ಹಾಸ್ಟೆಲ್‌ನ ಪೈಲ್ವಾನನಿಗೆ ಪದಕದ ಆಚೆ ನೌಕರಿಯೊಂದೇ ದಾರಿ.

ಈ ಕಾರಣಕ್ಕೇ ನಿಶಾಂತ್ ವೃತ್ತಿಪರರಾದದ್ದನ್ನು ದುಡ್ಡಿನ ಆಸೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮುಖಕ್ಕೆ ಹೊಡೆತ ತಿನ್ನುವವನು ಅದಕ್ಕೆ ತಕ್ಕ ದುಡ್ಡು ಕೇಳುವುದು ನ್ಯಾಯ. ಅಲ್ಲದೆ 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಯಾರೂ ಆರಿಸಿಕೊಟ್ಟ ಎದುರಾಳಿಗಳಿಂದ ಬಂದದ್ದಲ್ಲ. ಅವರ ಹೆಸರಿಗೆ ಇವತ್ತು ತೂಕ ಕೊಡುವುದು ಆ ಪದಕವೇ ಹೊರತು ಲಾಸ್ ವೇಗಾಸ್‌ನ ಗೆಲುವಲ್ಲ. 2025ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಲಕ್ವಾನ್ ಇವಾನ್ಸ್ ಅವರನ್ನು ಸೋಲಿಸಲು ನಿಶಾಂತ್ ಆರನೆಯ ಸುತ್ತಿನವರೆಗೆ ಹೋಗಬೇಕಾಯಿತು. ಸುದ್ದಿಯ ಅಬ್ಬರ ಕಮ್ಮಿಯಾದರೂ ನನ್ನ ಮಟ್ಟಿಗೆ ಇದೇ ಹೆಚ್ಚಿನ ಗೆಲುವು. ಪ್ಯಾರಿಸ್‌ನಲ್ಲಿ ಕೈಕೊಟ್ಟ ಉಸಿರು ಅಷ್ಟು ದೂರ ಬಂತಲ್ಲ! ಹೊಡೆತದ ಬಲ ಮೊದಲಿನಿಂದಲೂ ಇದೆ, ಕಾಲ್ಚಳಕ ಇದೆ. ಇಲ್ಲದಿರುವುದು ತನ್ನನ್ನು ಸೋಲಿಸಬಲ್ಲವನ ಎದುರು ಕೊನೆಯ ಸುತ್ತುಗಳಲ್ಲಿ ನಿಂತು ಗೆದ್ದ ಒಂದು ಪಂದ್ಯ. ಅಂಥದೊಂದನ್ನು ಗೆಲ್ಲುವವರೆಗೆ ಅವರು ಒಳ್ಳೆಯ ಬಾಕ್ಸರ್. ವೃತ್ತಿಪರ ಚಾಂಪಿಯನ್ ಎಂಬ ಬಿರುದನ್ನು ಈಗಲೇ ಕೊಟ್ಟರೆ ಅವರಿಗೂ ಉಪಕಾರವಿಲ್ಲ, ಆಟಕ್ಕೂ ಇಲ್ಲ.